ಬಣ್ಣ ಬಳಿಯುವ ಮುನ್ನ ಬೆಳಕು ನೋಡಿ

ಹಳದಿ, ಕೆಂಪು ಬೆಚ್ಚಗಿನ ಬಣ್ಣ. ನೀಲಿ, ಹಸಿರು ತಂಪು. ಇಷ್ಟು ಎಲ್ಲರಿಗೂ ಗೊತ್ತು. ಹಾಗಿದ್ದರೂ ಒಂದೇ ಡಬ್ಬದ ಕೆನೆಬಣ್ಣ ತೀರ್ಥಹಳ್ಳಿಯ ಮನೆಯಲ್ಲಿ ಒಂದು ಬಗೆ, ಕಲಬುರಗಿಯ ಮನೆಯಲ್ಲಿ ಇನ್ನೊಂದು ಬಗೆ ಕಾಣುವುದೇಕೆ? ಮನೆಗೆ ಬಣ್ಣ ಹೊಡೆಸಲು ಹೊರಟವರು ಶೇಡ್ ಕಾರ್ಡ್ ತೆರೆಯುವ ಮೊದಲು ಓದಿಕೊಳ್ಳಬೇಕಾದದ್ದು ತಮ್ಮ ಕೋಣೆಯನ್ನೇ.

ಬಣ್ಣದಂಗಡಿಯ ಟಿಂಟಿಂಗ್ ಯಂತ್ರದ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಯಂತ್ರದ ಕೆಳಗೆ ಇಡುವ ಡಬ್ಬದಲ್ಲಿರುವುದು ಅಚ್ಚ ಬಿಳಿ ಬೇಸ್. ಅಂಗಡಿಯ ಹುಡುಗ ಶೇಡ್ ನಂಬರ್ ಒತ್ತುತ್ತಾನೆ. ಮೇಲಿನ ಸಣ್ಣ ನಳಿಕೆಗಳಿಂದ ಎಳೆಯಾಗಿ ಒಂದಿಷ್ಟು ಹಳದಿ ಇಳಿಯುತ್ತದೆ, ಹಿಂದೆಯೇ ಒಂದು ತೊಟ್ಟು ಕೆಂಪು, ಅರೆ ತೊಟ್ಟು ಕಪ್ಪು. ಮುಚ್ಚಳ ಬಡಿದು, ಡಬ್ಬವನ್ನು ಕುಲುಕುವ ಯಂತ್ರಕ್ಕೆ ಕೊಟ್ಟು ತೆಗೆದರೆ ಕೆನೆಬಣ್ಣ ಸಿದ್ಧ. ಆ ಹಳದಿ, ಕೆಂಪಿನ ಬದಲು ಒಂದು ತೊಟ್ಟು ನೀಲಿ ಬಿದ್ದಿದ್ದರೆ ಅದೇ ಬೇಸ್ ತಣ್ಣನೆಯ ಬಿಳಿಯಾಗುತ್ತಿತ್ತು. ಕಾರ್ಡಿನಲ್ಲಿ ಎರಡೂ ‘ಆಫ್ ವೈಟ್’ ಪುಟದಲ್ಲೇ ಅಕ್ಕಪಕ್ಕ ಕೂತಿರುತ್ತವೆ, ಬೆರಳಗಲದ ಚೌಕದಲ್ಲಿ ಅವುಗಳ ಅಂತರ ಕಣ್ಣಿಗೆ ಹತ್ತುವುದಿಲ್ಲ. ನಾಲ್ಕು ಗೋಡೆಗೆ ಹಬ್ಬಿದಾಗ ಒಂದು ಕೋಣೆ ತುಂಬಿಕೊಂಡಂತೆ ಕಾಣುತ್ತದೆ, ಇನ್ನೊಂದು ತೆರೆದುಕೊಂಡಂತೆ.

ಬೆಚ್ಚಗಿನ ಬಣ್ಣವೋ ತಂಪಿನದೋ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಡಬ್ಬಕ್ಕೆ ಕೇಳುತ್ತೇವೆ. ಅರ್ಧ ಉತ್ತರ ಮಾತ್ರ ಅಲ್ಲಿದೆ. ಉಳಿದರ್ಧ ಕಿಟಕಿಯ ದಿಕ್ಕಿನಲ್ಲಿ, ನೆಲದ ಬಣ್ಣದಲ್ಲಿ, ಬಾಗಿಲಿನ ಮರದಲ್ಲಿ, ಸಂಜೆ ಹೊತ್ತಿಸುವ ದೀಪದಲ್ಲಿ, ಅಲ್ಲಿ ಬದುಕುವವರ ಕಣ್ಣಿನಲ್ಲಿದೆ.

ಬಿಸಿ ತಂಪಿನ ಲೆಕ್ಕ

ಜರ್ಮನಿಯ ಕವಿ ಗಯಟೆ 1810ರಲ್ಲಿ ಬಣ್ಣಗಳ ಕುರಿತು ಒಂದು ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ಅದರಲ್ಲಿ ಹಳದಿ, ಕಿತ್ತಳೆಗಳನ್ನು ಧನ ಪಕ್ಷಕ್ಕೂ ನೀಲಿ ಮತ್ತು ಅದರ ನೆರೆಯ ಬಣ್ಣಗಳನ್ನು ಋಣ ಪಕ್ಷಕ್ಕೂ ಸೇರಿಸಿದ. ಮೊದಲನೆಯವು ಮನಸ್ಸನ್ನು ಚುರುಕಾಗಿಸುತ್ತವೆ, ಎರಡನೆಯವು ಹಿಂದಕ್ಕೆ ಎಳೆಯುತ್ತವೆ ಎಂಬುದು ಅವನ ಗ್ರಹಿಕೆ. ಅವನ ಗೌರವಾರ್ಥ 1806ರಲ್ಲಿ ಹೆಸರು ಪಡೆದ ಗೋಥೈಟ್ ಎಂಬ ಖನಿಜವೇ ನಮ್ಮ ಹಳದಿ ಮಣ್ಣಿಗೆ ಬಣ್ಣ ಕೊಡುವ ಕಬ್ಬಿಣದ ಅಂಶ. ಹಳದಿ ಮಣ್ಣನ್ನು ಕಾಯಿಸಿದರೆ ಅದರೊಳಗಿನ ನೀರು ಹೋಗಿ ಗೋಥೈಟ್ ಹೆಮಟೈಟ್ ಆಗುತ್ತದೆ, ಹಳದಿ ಕೆಂಪಾಗುತ್ತದೆ. ಸಂಡೂರಿನ ಗುಡ್ಡಗಳನ್ನು ಕೆಂಪಾಗಿಸಿರುವುದೂ ಹೆಮಟೈಟೇ. ಟಿಂಟಿಂಗ್ ಯಂತ್ರದಲ್ಲಿ ಇಂದಿಗೂ ಹೆಚ್ಚು ದುಡಿಯುವ ಬಣ್ಣಗಳಲ್ಲಿ ಯೆಲ್ಲೊ ಆಕ್ಸೈಡ್, ರೆಡ್ ಆಕ್ಸೈಡ್ ಸೇರಿವೆ. ಕೆನೆ, ಬಾದಾಮಿ, ಗಂಧ, ಇಟ್ಟಿಗೆ ಬಣ್ಣಗಳೆಲ್ಲ ಈ ಎರಡರ ಸಂತಾನ.

ಬಿಸಿ ತಂಪು ಎಂಬ ಮಾತು ಥರ್ಮಾಮೀಟರಿನದಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಭೌತಶಾಸ್ತ್ರದ ಲೆಕ್ಕದಲ್ಲಿ ನೀಲಿ ನಕ್ಷತ್ರ ಕೆಂಪು ನಕ್ಷತ್ರಕ್ಕಿಂತ ಬಿಸಿ. ಒಳಗೋಡೆಗೆ ನೀಲಿ ಬಳಿದ ಮಾತ್ರಕ್ಕೆ ರಾಯಚೂರಿನ ಮೇ ತಿಂಗಳ ಸೆಕೆ ಇಳಿಯುವುದಿಲ್ಲ. ಸೆಕೆ ನಿಜವಾಗಿ ಇಳಿಯಬೇಕಾದರೆ ತಾರಸಿಗೆ ಬಿಳಿ ಸುಣ್ಣ ಅಥವಾ ಬಿಸಿಲನ್ನು ಹಿಂದಿರುಗಿಸುವ ಬಿಳಿ ಲೇಪನ ಹೊಡೆಸಬೇಕು, ಅದು ಅಳತೆಗೆ ಸಿಗುವ ವ್ಯತ್ಯಾಸ. ಒಳಗೋಡೆಯ ಬಣ್ಣ ಮಾಡುವುದು ಭಾವದ ಕೆಲಸ. ಈ ಕೆಲಸವನ್ನು ಹಗುರವಾಗಿ ಕಾಣಬೇಕಿಲ್ಲ, ಅತಿಯಾಗಿ ನಂಬಲೂಬಾರದು. 1979ರಲ್ಲಿ ಅಮೆರಿಕದ ಸಿಯಾಟಲ್‌ನ ನೌಕಾಪಡೆಯ ಸೆರೆಮನೆಯೊಂದರಲ್ಲಿ ಕೋಣೆಗೆ ಗುಲಾಬಿ ಬಣ್ಣ ಬಳಿದು, ಕೈದಿಗಳ ಸಿಟ್ಟು ಇಳಿಯಿತೆಂದು ಸಾರಿದರು. ಬಳಿಕ ಎಚ್ಚರಿಕೆಯಿಂದ ನಡೆಸಿದ ಪರೀಕ್ಷೆಗಳಲ್ಲಿ ಆ ಪರಿಣಾಮ ಕಾಣಲಿಲ್ಲ. ‘ಈ ಬಣ್ಣ ಹೊಡೆದರೆ ಮಗು ಓದುತ್ತದೆ, ಆ ಬಣ್ಣ ಹೊಡೆದರೆ ಜಗಳ ನಿಲ್ಲುತ್ತದೆ’ ಎನ್ನುವವರ ಮಾತಿಗೆ ಮರುಳಾಗಬೇಡಿ. ಬಣ್ಣ ಎಷ್ಟು ಗಾಢ, ಎಷ್ಟು ತಿಳಿ ಎಂಬುದೂ ಮನಸ್ಸನ್ನು ಬಲವಾಗಿ ತಟ್ಟುತ್ತದೆ. ತಿಳಿಯಾದ ಕಿತ್ತಳೆ ಹಿತವಾಗಿರಬಹುದು, ಗಾಢ ನೀಲಿ ಕೆರಳಿಸಲೂಬಹುದು.

ಸುಣ್ಣಕ್ಕೆ ನೀಲಿ, ಗೋಡೆಯ ಬುಡಕ್ಕೆ ಕೆಮ್ಮಣ್ಣು

ಶೇಡ್ ಕಾರ್ಡ್ ಬರುವುದಕ್ಕೆ ಬಹಳ ಮುಂಚೆಯೇ ನಮ್ಮ ಮನೆಗಳಲ್ಲಿ ಬಿಸಿ ತಂಪಿನ ಸಮತೋಲವಿತ್ತು. ಹಬ್ಬದ ಮುಂಚೆ ಹಂಡೆಯಲ್ಲಿ ಸುಣ್ಣದ ಹರಳು ಹಾಕಿ ನೀರು ಹೊಯ್ದು ಅರಳಿಸುತ್ತಿದ್ದರು. ಅದು ಕುದಿದು, ತಣಿದು, ಬಟ್ಟೆಯಲ್ಲಿ ಸೋಸಿ ತಿಳಿಯಾದ ಮೇಲೆ ಕೊನೆಯಲ್ಲಿ ಬೀಳುತ್ತಿದ್ದುದು ಒಂದು ಚಿಟಿಕೆ ನೀಲಿ. ಬಟ್ಟೆಗೆ ಹಾಕುವ ಅದೇ ನೀಲಿ. ಬರೀ ಸುಣ್ಣ ಗೋಡೆಯ ಮೇಲೆ ಒಣಗಿದಾಗ ತುಸು ಹಳದಿಗೆ ವಾಲುತ್ತದೆ. ನೀಲಿ ಆ ಹಳದಿಯನ್ನು ತಟಸ್ಥಗೊಳಿಸಿ ಬಿಳುಪನ್ನು ಎತ್ತಿ ತೋರಿಸುತ್ತದೆ. ಅಲ್ಟ್ರಾಮರೀನ್ ಎಂದು ಕರೆಯುವ ಈ ನೀಲಿಯನ್ನು ಒಂದು ಕಾಲದಲ್ಲಿ ಅಫ್ಘಾನಿಸ್ತಾನದ ಗಣಿಗಳಿಂದ ಬಂದ ಲಾಜವರ್ದ ಕಲ್ಲನ್ನು ಅರೆದು ತೆಗೆಯುತ್ತಿದ್ದರು. 1828ರಲ್ಲಿ ಫ್ರಾನ್ಸಿನ ಜೀನ್ ಬ್ಯಾಪ್ಟಿಸ್ಟ್ ಗಿಮೆ ಅದನ್ನು ಕೃತಕವಾಗಿ ತಯಾರಿಸಿ ಬಹುಮಾನ ಗೆದ್ದ ಮೇಲೆ ಅದರ ಬೆಲೆ ಇಳಿಯುತ್ತ ಬಂತು. ಸುಣ್ಣದ ಕ್ಷಾರಕ್ಕೆ ಈ ನೀಲಿ ಜಗ್ಗುವುದಿಲ್ಲ, ಹಾಗಾಗಿ ಗೋಡೆಯಲ್ಲಿ ನಿಲ್ಲುತ್ತದೆ. ಚಿಟಿಕೆಯ ಬದಲು ಹಿಡಿ ನೀಲಿ ಬಿದ್ದರೆ ತಿಳಿ ಆಕಾಶದ ಬಣ್ಣ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅಂಥ ಗೋಡೆ ಈಗಲೂ ಕಾಣಸಿಗುತ್ತದೆ.

ಇಷ್ಟು ತಂಪು ಗೋಡೆಗೆ ಎದುರಾಗಿ ಬುಡದಲ್ಲಿ ಮೊಣಕಾಲೆತ್ತರ ಕೆಮ್ಮಣ್ಣಿನ ಪಟ್ಟಿ ಇರುತ್ತಿತ್ತು. ಕಾಲಿನ ಕೊಳೆ ಕಾಣದಿರಲಿ ಎಂಬ ಉಪಯೋಗ ಅದಕ್ಕಿತ್ತು. ನೆಲದ ಕೆಂಪನ್ನು ಮೆಲ್ಲಗೆ ಗೋಡೆಗೆ ಹತ್ತಿಸುವ ಚೆಲುವೂ ಇತ್ತು. ಕಾರವಾರ, ಅಂಕೋಲಾ, ಕುಮಟಾ ಕಡೆಯ ಹಳೆಯ ಗುಡಿಗಳಲ್ಲಿ ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಚಿತ್ತಾರ ತೆಗೆಯುವ ಕಾವಿ ಕಲೆಯೂ ಇದೇ ಎರಡು ಬಣ್ಣಗಳ ಜೋಡಿ.

ಕೆಂಪು ಗಾರೆ ನೆಲದ ಹಳೆಯ ಮನೆಯೊಂದರಲ್ಲಿ ಬೆಳಗಿನ ಬಿಸಿಲು ನೆಲಕ್ಕೆ ಬಿದ್ದಾಗ ಗೋಡೆಯ ಕೆಳಭಾಗ ನೋಡಿ. ನೀಲಿ ಬೆರೆತ ಸುಣ್ಣವಾದರೂ ನೆಲದಿಂದ ಎರಡು ಅಡಿ ತನಕ ತಿಳಿ ಗುಲಾಬಿ. ಮೇಲೇರಿದಂತೆ ಅದು ಕರಗಿ, ಅಟ್ಟದ ಹತ್ತಿರ ತಣ್ಣನೆಯ ಬಿಳಿ. ಒಂದೇ ಸುಣ್ಣ, ಒಂದೇ ಗೋಡೆ. ಬಣ್ಣ ಕೋಣೆಯಿಂದ ಏನನ್ನು ಪಡೆದುಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಉತ್ತರದ ಕಿಟಕಿಯ ಕಥೆ

ಒಳಾಂಗಣದ ಪುಸ್ತಕ, ವಿಡಿಯೊಗಳಲ್ಲಿ ಒಂದು ಸೂತ್ರ ಪದೇ ಪದೇ ಬರುತ್ತದೆ: ಉತ್ತರಕ್ಕೆ ಕಿಟಕಿಯಿರುವ ಕೋಣೆಗೆ ಬೆಚ್ಚಗಿನ ಬಣ್ಣ, ದಕ್ಷಿಣಕ್ಕಿದ್ದರೆ ತಂಪು ಬಣ್ಣ. ಲಂಡನ್ನಿಗೆ, ನ್ಯೂಯಾರ್ಕಿಗೆ ಇದು ಸರಿ. ಅಲ್ಲಿ ನಡುಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಉತ್ತರದ ಕಿಟಕಿಗೆ ಸಿಗುವುದು ಬಹುಪಾಲು ಆಕಾಶದ ನೀಲಿ ಬೆಳಕು ಮಾತ್ರ.

ನಮ್ಮ ರಾಜ್ಯವಿರುವುದು ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕೆ, ಸುಮಾರು 11.5ರಿಂದ 18.5 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ. ಸೂರ್ಯ ಇಲ್ಲಿ ವರ್ಷಕ್ಕೆ ಎರಡು ಬಾರಿ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಹೊತ್ತಿಗೆ ಒಮ್ಮೆ, ಆಗಸ್ಟ್ 18ರ ಹೊತ್ತಿಗೆ ಇನ್ನೊಮ್ಮೆ. ಶೂನ್ಯ ನೆರಳಿನ ದಿನವೆಂದು ಶಾಲೆಯ ಮಕ್ಕಳು ಅಂಗಳದಲ್ಲಿ ಕೋಲು ನೆಟ್ಟು ನೋಡುವುದು ಆಗಲೇ. ಆ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಜೂನ್ ತಿಂಗಳ ಬೆಳಗ್ಗೆ, ಸಂಜೆ ಓರೆ ಬಿಸಿಲು ಉತ್ತರದ ಕಿಟಕಿಯಿಂದಲೇ ಒಳಬರುತ್ತದೆ. ಡಿಸೆಂಬರಿನಲ್ಲಿ ದಕ್ಷಿಣದ ಕಿಟಕಿಯ ಸರದಿ.

ಹಾಗಾಗಿ ನಮ್ಮಲ್ಲಿ ಬಣ್ಣದ ನಿರ್ಧಾರಕ್ಕೆ ಪೂರ್ವ ಪಶ್ಚಿಮಗಳೇ ಮುಖ್ಯ. ಪಶ್ಚಿಮದ ಕಿಟಕಿಯ ಹಾಲ್‌ಗೆ ಸಂಜೆ ನಾಲ್ಕರ ಮೇಲೆ ಕೇಸರಿ ಬಿಸಿಲು ನುಗ್ಗುತ್ತದೆ. ಆ ಗೋಡೆ ಮೊದಲೇ ಹಳದಿಯಾಗಿದ್ದರೆ ಆ ಹೊತ್ತಿನಲ್ಲಿ ಕೋಣೆ ಉರಿಯುವಂತೆ ಕಾಣುತ್ತದೆ. ಅಲ್ಲಿಗೆ ತಿಳಿ ಬೂದು, ನೀಲಿಗೆ ವಾಲಿದ ಬಿಳಿ, ಸಮುದ್ರಹಸಿರಿನ ತಿಳಿ ಛಾಯೆ ಹೊಂದುತ್ತವೆ. ಪೂರ್ವದ ಕೋಣೆ ಬೆಳಗ್ಗೆ ತಾನೇ ಬೆಚ್ಚಗಿದ್ದು ಮಧ್ಯಾಹ್ನದ ನಂತರ ಮಂಕಾಗುತ್ತದೆ. ನೀವು ಆ ಕೋಣೆಯನ್ನು ಬಳಸುವುದು ಬೆಳಗ್ಗೆಯೋ ಸಂಜೆಯೋ ಎಂಬುದನ್ನು ಮೊದಲು ಕೇಳಿಕೊಳ್ಳಿ. ಪಕ್ಕದ ಕಟ್ಟಡಕ್ಕೆ ತಗುಲಿಕೊಂಡಂತಿರುವ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ದಿಕ್ಕಿನ ಪ್ರಶ್ನೆಯೇ ಏಳುವುದಿಲ್ಲ. ಮೂರಡಿ ಆಚೆಗಿನ ನೆರೆಮನೆಯ ಗೋಡೆಯೇ ನಿಮ್ಮ ಆಕಾಶ. ಅದು ಗಿಳಿಹಸಿರಾಗಿದ್ದರೆ ನಿಮ್ಮ ಮಲಗುವ ಕೋಣೆಗೆ ಬರುವ ಬೆಳಕೂ ಹಸಿರು.

ವಾಸ್ತುವಿನಂತೆ ದಿಕ್ಕಿಗೊಂದು ಬಣ್ಣ ಬಯಸುವವರಿಗೂ ಇದರಿಂದ ತೊಡಕಿಲ್ಲ. ಹಸಿರೇ ಬೇಕೆಂದರೆ ಹಳದಿ ಬೆರೆತ ಪಿಸ್ತಾ ಹಸಿರು ಬೆಚ್ಚಗಿದೆ, ನೀಲಿ ಬೆರೆತ ಸಮುದ್ರಹಸಿರು ತಂಪಾಗಿದೆ. ನೇರಳೆಯಲ್ಲೂ ಹಾಗೆಯೇ, ಬೂದುವಿನಲ್ಲೂ ಹಾಗೆಯೇ.

ಊರಿಗೊಂದು ಬೆಳಕು

ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಆಗುಂಬೆಯ ಸುತ್ತಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಕು ಮೋಡ ಸೋಸಿ ಬರುತ್ತದೆ. ಆ ಮಸುಕು ಬೆಳಕು ಅಡಿಕೆ ತೋಟದ ಎಲೆಗಳಿಗೆ ತಾಗಿ ಹಸಿರಾಗಿ ಕಿಟಕಿ ದಾಟುತ್ತದೆ. ಹೆಂಚಿನ ಇಳಿಮಾಡು ತಗ್ಗಾಗಿ ಬಾಗಿರುವುದರಿಂದ ಒಳಗೆ ಇನ್ನಷ್ಟು ಮಬ್ಬು. ಇಂಥ ಕಡೆ ಅಚ್ಚ ಬಿಳಿ ಬಳಿದರೆ ಮಳೆಗಾಲದಲ್ಲಿ ಗೋಡೆ ಪಾಚಿ ಕಟ್ಟಿದಂತೆ ತೋರುತ್ತದೆ. ಕೆನೆ, ದಂತ, ತಿಳಿ ಏಪ್ರಿಕಾಟ್‌ನಂಥ ಬೆಚ್ಚಗಿನ ತಿಳಿಬಣ್ಣಗಳು ಆ ಹಸಿರನ್ನು ತೂಗಿಸುತ್ತವೆ. ಮಲೆನಾಡಿನವರು ಹಳದಿ ಬೆರೆತ ಬಿಳಿಯನ್ನು ಧೈರ್ಯವಾಗಿ ಹೊಡೆಸಬಹುದು, ಅದು ಅವರ ಮನೆಯೊಳಗೆ ಹಳದಿಯಾಗಿ ಕಾಣುವುದೇ ಇಲ್ಲ.

ಕರಾವಳಿಯಲ್ಲಿ ಮುರಕಲ್ಲಿನ ಪಾಗಾರ, ಕೆಂಪು ಅಂಗಳ. ಬಿಸಿಲು ಅಲ್ಲಿಂದ ಪುಟಿದು ಕೆಂಪಾಗಿ ಒಳಬರುತ್ತದೆ. ತಿಳಿನೀಲಿ ಗೋಡೆ ಅದನ್ನು ಹೀರಿ ಬೂದುನೇರಳೆಯಾದೀತು, ತಿಳಿಹಸಿರು ತನ್ನ ಬಣ್ಣ ಉಳಿಸಿಕೊಂಡೀತು.

ಕಲಬುರಗಿ, ಯಾದಗಿರಿ, ರಾಯಚೂರು ಕಡೆ ಬೆಳಕಿಗೆ ಕೊರತೆಯಿಲ್ಲ, ಕೊರತೆಯಿರುವುದು ನೆರಳಿಗೆ. ಅಲ್ಲಿನ ಹಳೆಯ ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆ, ಸಣ್ಣ ಕಿಟಕಿ, ಮೇಲೊಂದು ಬೆಳಕಿಂಡಿ. ನೆಲಕ್ಕೆ ಶಹಾಬಾದಿ ಫರಸಿ. ಬೂದು ಕಲ್ಲಿನ ನೆಲವೇ ತಂಪಾಗಿರುವಲ್ಲಿ ಗೋಡೆಗೆ ಗಂಧದ ಬಣ್ಣ, ಬಾದಾಮಿ ಚೆನ್ನ. ಈಗಿನ ದೊಡ್ಡ ಗಾಜಿನ ಕಿಟಕಿಯ ಮನೆಗಳಲ್ಲಾದರೆ ಲೆಕ್ಕ ತಿರುಗುತ್ತದೆ. ಅಲ್ಲಿ ಅಚ್ಚ ಬಿಳಿ ಕಣ್ಣು ಕುಕ್ಕುತ್ತದೆ. ಬಣ್ಣದ ಕಂಪನಿಗಳು ಪ್ರತಿ ಶೇಡ್‌ಗೂ ಎಲ್‌ಆರ್‌ವಿ ಎಂಬ ಅಂಕಿ ಕೊಡುತ್ತವೆ. ಬೆಳಕನ್ನು ಎಷ್ಟು ಹಿಂದಿರುಗಿಸುತ್ತದೆ ಎಂಬುದಕ್ಕೆ 0ರಿಂದ 100ರ ಅಳತೆ ಅದು. ಬಿಳಿಗಳು 80ರ ಮೇಲಿರುತ್ತವೆ. ಪ್ರಖರ ಬೆಳಕಿನ ಕೋಣೆಗೆ 60, 65ರ ಆಸುಪಾಸಿನ ತಂಪು ಬಣ್ಣ ಕಣ್ಣಿಗೆ ವಿರಾಮ ಕೊಡುತ್ತದೆ. ಮಬ್ಬು ಕೋಣೆಗೆ 75 ದಾಟಿದ ಬೆಚ್ಚಗಿನ ಬಣ್ಣ ಒಳ್ಳೆಯದು.

ಕೋಣೆಯಲ್ಲಿ ಈಗಾಗಲೇ ಇರುವುದು

ಬಣ್ಣ ಆರಿಸುವಾಗ ಖಾಲಿ ಕೋಣೆಯನ್ನು ಕಣ್ಣ ಮುಂದೆ ತಂದುಕೊಳ್ಳುವುದು ನಮ್ಮ ರೂಢಿ. ಕೋಣೆ ಎಂದೂ ಖಾಲಿಯಿರುವುದಿಲ್ಲ. ಸಾಗುವಾನಿ ಬಾಗಿಲು, ಐವರಿ ಬಣ್ಣದ ವಿಟ್ರಿಫೈಡ್ ಟೈಲ್ಸ್, ಕಂದು ಸೋಫಾ, ಬಂಗಾರದಂಚಿನ ಪರದೆ: ನಮ್ಮ ಸಾಮಾನ್ಯ ಹಾಲ್ ಇದು. ಇದರಲ್ಲಿ ಎಲ್ಲವೂ ಬೆಚ್ಚಗಿನ ಪಾಳಿಯದೇ. ಗೋಡೆಗೂ ಕೆನೆ, ದೀಪಕ್ಕೂ ಹಳದಿ ಎಂದರೆ ಕಣ್ಣಿಗೆ ನಿಲ್ಲಲು ಜಾಗವಿಲ್ಲ. ದುಬಾರಿ ತೇಗದ ಬಾಗಿಲೂ ಗೋಡೆಯಲ್ಲಿ ಕಳೆದುಹೋಗುತ್ತದೆ. ಅದೇ ಗೋಡೆ ಚೂರು ಬೂದುಹಸಿರಿಗೆ ತಿರುಗಿದರೆ ಮರದ ಕೆಂಪು ಎದ್ದು ಬರುತ್ತದೆ. ಬೂದು ಗ್ರಾನೈಟ್, ಸ್ಟೀಲ್, ಬಿಳಿ ಲ್ಯಾಮಿನೇಟ್ ತುಂಬಿದ ಅಡುಗೆಮನೆಗೆ ಇದರ ವಿರುದ್ಧದ ಚಿಕಿತ್ಸೆ. ಅಡುಗೆಗೆ ಮಸಾಲೆ ಹಾಕುವಂತೆ ಇಲ್ಲೂ ಕೊರತೆಯಿರುವುದನ್ನಷ್ಟೇ ಸೇರಿಸಬೇಕು.

ಇನ್ನು ದೀಪ. ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲೆ ಕೆಲ್ವಿನ್ ಅಂಕಿ ಇರುತ್ತದೆ. 2700, 3000 ಎಂದಿದ್ದರೆ ಹಳದಿ ಬೆಳಕು, 4000 ನಡುವಿನದು, 6500 ನೀಲಿ ಬೆರೆತ ಬಿಳಿ. ನಮ್ಮ ಬಹಳಷ್ಟು ಮನೆಗಳಲ್ಲಿ ಉರಿಯುವುದು 6500ರದ್ದೇ. ಹಗಲಲ್ಲಿ ಮುದ ಕೊಟ್ಟ ಏಪ್ರಿಕಾಟ್ ಗೋಡೆ ಇದರ ಕೆಳಗೆ ಸಪ್ಪೆ, ಕೆನೆ ತುಸು ಹಸಿರು, ತಿಳಿ ಬೂದು ಪೂರ್ತಿ ನೀಲಿ. ಹಳದಿ ಬಲ್ಬಿನ ಕೆಳಗೆ ತಿಳಿನೀಲಿ ಗೋಡೆ ಬೂದಾಗುತ್ತದೆ. ನೆದರ್‌ಲ್ಯಾಂಡ್ಸ್‌ನ ಫಿಲಿಪ್ಸ್ ಪ್ರಯೋಗಾಲಯದ ಕ್ರುಯಿಟ್‌ಹಾಫ್ 1941ರಲ್ಲೇ ಹೇಳಿದ: ಬೆಳಕು ಮಂದವಾಗಿದ್ದರೆ ಬೆಚ್ಚಗಿನ ದೀಪವೇ ಹಿತ, ತಂಪು ಬೆಳಕು ಹಿತವೆನಿಸಬೇಕಾದರೆ ಅದು ಪ್ರಖರವಾಗಿರಬೇಕು. ಅವನ ಅಂಕಿಗಳ ಬಗ್ಗೆ ಚರ್ಚೆ ಇಂದಿಗೂ ಇದೆ. ಆದರೂ ದೊಡ್ಡ ಹಾಲ್‌ಗೆ ಒಂದೇ 6500ರ ಟ್ಯೂಬ್ ಹಾಕಿಕೊಂಡು ಮನೆ ಬಿಕೋ ಎನ್ನುತ್ತದೆಂದು ಕೊರಗುವವರು ಗೋಡೆಗೆ ಕೈಹಾಕುವ ಮುನ್ನ ದೀಪ ಬದಲಿಸಿ ನೋಡಲಿ. ಸಾವಿರಾರು ರೂಪಾಯಿಯ ಕೆಲಸ ಕೆಲವು ನೂರರಲ್ಲಿ ಮುಗಿಯಲೂಬಹುದು. ಬಲ್ಬ್ ಕೊಳ್ಳುವಾಗ ಸಿಆರ್‌ಐ ಅಂಕಿಯನ್ನೂ ನೋಡಿ. ಅದು 100ರ ಹತ್ತಿರವಿದ್ದಷ್ಟೂ ಬಣ್ಣಗಳು ತಮ್ಮ ಸಹಜ ರೂಪದಲ್ಲಿ ಕಾಣುತ್ತವೆ.

ಚಿಕ್ಕ ಚೌಕ, ದೊಡ್ಡ ಗೋಡೆ

ಕಾರ್ಡಿನ ಚೌಕಕ್ಕಿಂತ ಗೋಡೆಯ ಮೇಲೆ ಬಣ್ಣ ಯಾವಾಗಲೂ ಗಟ್ಟಿಯಾಗಿ ಕಾಣುತ್ತದೆ. ಎದುರುಬದುರು ಗೋಡೆಗಳು ಒಂದರ ಬಣ್ಣವನ್ನು ಇನ್ನೊಂದಕ್ಕೆ ಎಸೆಯುತ್ತವೆ, ಹಳದಿಯ ಮೇಲೆ ಹಳದಿ ಬಿದ್ದು ಕೂಡಿಕೊಳ್ಳುತ್ತದೆ. ಅನುಭವಿ ಪೇಂಟರ್‌ಗಳು ‘ಕಾರ್ಡಲ್ಲಿ ಇಷ್ಟವಾದದ್ದಕ್ಕಿಂತ ಒಂದು ಶೇಡ್ ಲೈಟ್ ತಗೊಳ್ಳಿ’ ಎನ್ನುವುದು ಇದಕ್ಕೇ.

ಸ್ಯಾಂಪಲ್ ಡಬ್ಬ ತಂದು ಹಳೆಯ ಗೋಡೆಯ ಮೇಲೇ ಒಂದು ತೇಪೆ ಬಳಿದು ನೋಡುವುದು ರೂಢಿ. ಅದರಿಂದ ಕಣ್ಣು ಮೋಸಹೋಗುತ್ತದೆ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ಉಸ್ತುವಾರಿ ಹೊತ್ತಿದ್ದ ಶೆವ್ರಲ್‌ಗೆ ಒಮ್ಮೆ ದೂರು ಬಂತು, ಕಪ್ಪು ನೂಲು ಮಾಸಲಾಗಿದೆ ಎಂದು. ಪರೀಕ್ಷಿಸಿದರೆ ನೂಲಿನ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದ ನೀಲಿ, ನೇರಳೆ ನೂಲುಗಳು ಕಪ್ಪನ್ನು ಮಾಸಲಾಗಿ ತೋರಿಸುತ್ತಿದ್ದವು. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸುವ ಈ ನಿಯಮವನ್ನು ಅವನು 1839ರಲ್ಲಿ ಪುಸ್ತಕವಾಗಿ ಬರೆದ. ಹಳೆಯ ಹಸಿರು ಗೋಡೆಯ ನಡುವೆ ಬಳಿದ ಕೆನೆ ತೇಪೆ ಗುಲಾಬಿಯಾಗಿ ಕಂಡರೆ ತಪ್ಪು ಡಬ್ಬದ್ದಲ್ಲ.

ಎರಡಡಿ ಅಗಲದ ಹಾರ್ಡ್‌ಬೋರ್ಡ್ ಅಥವಾ ದಪ್ಪ ಡ್ರಾಯಿಂಗ್ ಶೀಟಿಗೆ ಬಿಳಿ ಪ್ರೈಮರ್ ಕೊಟ್ಟು, ಮೇಲೆ ಎರಡು ಕೋಟ್ ಬಣ್ಣ ಹಾಕಿ, ಪೂರ್ತಿ ಒಣಗಲು ಬಿಡಿ. ಹಸಿಯಿದ್ದಾಗಿನ ಬಣ್ಣ ನಂಬುವಂಥದ್ದಲ್ಲ. ಆ ಹಲಗೆಯನ್ನು ಕಿಟಕಿಯ ಎದುರಿನ ಗೋಡೆಗೆ, ಕಿಟಕಿ ಪಕ್ಕದ ಗೋಡೆಗೆ, ಬಾಗಿಲ ಮರಕ್ಕೆ, ನೆಲಕ್ಕೆ ತಾಗಿಸಿ ಇಟ್ಟು ನೋಡಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ದೀಪ ಹಚ್ಚಿದ ಮೇಲೆ ನೋಡಿ. ಬೆಚ್ಚಗಿನದೊಂದು, ತಂಪಿನದೊಂದು, ಎರಡು ಹಲಗೆ ಅಕ್ಕಪಕ್ಕ ಇದ್ದರೆ ನಿರ್ಧಾರ ಸುಲಭ. ಬಿಳಿ ಕಾಗದದ ಪಕ್ಕ ಇಟ್ಟು ಹೋಲಿಸಬೇಡಿ. ಝೆರಾಕ್ಸ್ ಹಾಳೆಗೆ ಹೊಳಪಿಗಾಗಿ ರಾಸಾಯನಿಕ ಸೇರಿಸಿರುವುದರಿಂದ ಅದು ನೀಲಿ ಬೀರುತ್ತದೆ, ಪಕ್ಕದ ಎಂಥ ಬಿಳಿಯೂ ಹಳದಿಯಾಗಿ ಕಾಣುತ್ತದೆ.

ಯಾರ ಕಣ್ಣಿಗೆ?

ನಮ್ಮ ಮನೆಗಳಲ್ಲಿ ಬಣ್ಣ ಆರಿಸುವವರು ಬಹುಮಟ್ಟಿಗೆ ದುಡಿಯುವ ವಯಸ್ಸಿನವರು. ಗೋಡೆಯನ್ನು ಹೆಚ್ಚು ಹೊತ್ತು ನೋಡುವವರು ಮನೆಯಲ್ಲೇ ಇರುವ ಹಿರಿಯರು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ನೀಲಿ ಬೆಳಕನ್ನು ತಡೆಯುತ್ತದೆ. ಮಗನಿಗೆ ಸೊಗಸಾಗಿ ಕಂಡ ತಿಳಿನೀಲಿ ತಾಯಿಗೆ ಬರೀ ಬೂದು. ಚಿತ್ರಕಾರ ಮೋನೆಯ ಕಣ್ಣಿಗೆ ಪೊರೆ ಬಂದ ವರ್ಷಗಳಲ್ಲಿ ಅವನ ಚಿತ್ರಗಳು ಕೆಂಪು ಕಂದಿಗೆ ತಿರುಗಿದವು. 1923ರಲ್ಲಿ ಬಲಗಣ್ಣಿನ ಶಸ್ತ್ರಚಿಕಿತ್ಸೆಯ ಬಳಿಕ ನೀಲಿ ಮರಳಿ ಕಂಡಿತು. ಪೊರೆ ತೆಗೆಸಿಕೊಂಡ ನಮ್ಮ ಹಿರಿಯರೂ ‘ಗೋಡೆ ಇಷ್ಟು ಬೆಳ್ಳಗಿತ್ತೇನು!’ ಎಂದು ಬೆರಗಾಗುವುದುಂಟು.

ಆದ್ದರಿಂದ ಅಜ್ಜ ಅಜ್ಜಿಯರ ಕೋಣೆಯಲ್ಲಿ ಬಿಸಿಯೋ ತಂಪೋ ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ: ಗೋಡೆ ಎಲ್ಲಿ ಮುಗಿಯುತ್ತದೆ, ಬಾಗಿಲು ಎಲ್ಲಿ ಶುರುವಾಗುತ್ತದೆ, ಸ್ವಿಚ್ ಎಲ್ಲಿದೆ ಎಂಬುದು ಅವರಿಗೆ ಕಾಣುತ್ತದೆಯೇ? ತಿಳಿನೀಲಿ ಗೋಡೆ, ಬಿಳಿ ಸ್ವಿಚ್, ಬೂದು ಬಾಗಿಲು ಅವರ ಕಣ್ಣಿಗೆ ಒಂದರೊಳಗೊಂದು ಕಲಸಿಹೋಗುತ್ತವೆ. ಬೆಚ್ಚಗಿನ, ತುಸು ಗಾಢವಾದ ಗೋಡೆಯ ಮೇಲೆ ಬಿಳಿ ಸ್ವಿಚ್ ಎದ್ದು ಕಾಣುತ್ತದೆ. ರಾತ್ರಿ ಬಚ್ಚಲಿಗೆ ಎದ್ದವರು ಗೋಡೆ ತಡವಿ ಹುಡುಕಬೇಕಾಗುವುದಿಲ್ಲ.

ಒಮ್ಮೆ ಹೊಡೆಸಿದ ಬಣ್ಣದೊಡನೆ ನಾವು ಎಷ್ಟೋ ವರ್ಷ ಬದುಕುತ್ತೇವೆ. ಅದಕ್ಕೆ ಮುನ್ನ ಎರಡು ಹಲಗೆ ಬಳಿದು ಒಂದು ವಾರ ಕಾಯುವುದು ದೊಡ್ಡ ಬೆಲೆಯಲ್ಲ. ಆ ವಾರದಲ್ಲಿ ಹಲಗೆಗಳನ್ನು ಮನೆಯ ಯಜಮಾನರಿಗಷ್ಟೇ ತೋರಿಸದೆ, ಆ ಕೋಣೆಯಲ್ಲಿ ಹೆಚ್ಚು ಹೊತ್ತು ಕೂರುವವರಿಗೆ ತೋರಿಸಿ. ಯಾವುದು ಕಣ್ಣಿಗೆ ಹಿತ, ಯಾವ ಹೊತ್ತಿನಲ್ಲಿ ಹಿತ ಎಂದು ಅವರನ್ನೇ ಕೇಳಿ. ಅವರು ಬೆರಳಿಟ್ಟು ತೋರಿಸಿದ ಹಲಗೆಯ ಬಣ್ಣ ಬೆಚ್ಚಗಿನದಿರಲಿ, ತಂಪಿನದಿರಲಿ, ಆ ಕೋಣೆಗೆ ಸರಿಯಾದದ್ದು ಅದೇ.